ಇಂಗ್ಲೆಂಡಿನ ಪಟ್ಟ ಯಾರದು? ಮಧ್ಯಕಾಲದ ವಂಶಗಳು, ವಾರಸುದಾರರು, ಹಕ್ಕಿನ ಜಗಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

1066ರಿಂದ 1485ರವರೆಗಿನ ಇಂಗ್ಲೆಂಡಿನ ಇತಿಹಾಸ ಓದಲು ಕೂತವರಿಗೆ ಮೊದಲು ಎದುರಾಗುವುದು ಹೆಸರುಗಳ ಕಾಟ: ಎಡ್ವರ್ಡ್, ಹೆನ್ರಿ, ರಿಚರ್ಡ್, ಎಡ್ಮಂಡ್, ಮತ್ತೆ ಎಡ್ವರ್ಡ್. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪಟ್ಟಕ್ಕೆ ಯಾರು ಬರಬೇಕು ಎಂಬ ನಿಯಮವೇ ಆಗ ಗಟ್ಟಿಯಾಗಿರಲಿಲ್ಲ. ಗೆದ್ದವರು ತಮಗೆ ಹೊಂದುವ ನಿಯಮವನ್ನು ಆಮೇಲೆ ಹುಡುಕಿಕೊಂಡರು. ಆದ್ದರಿಂದ ಯಾರದೇ ಹಕ್ಕನ್ನು ಪರಿಶೀಲಿಸುವಾಗಲೂ ಮೂರು ಮಾತು ಕೇಳಿಕೊಳ್ಳಬೇಕು: ಯಾವ ನಿಯಮ, ಯಾವ ಕಾಗದ, ಯಾವ ದಿನಾಂಕ.

ರಾಜ ಸತ್ತರೆ ಮುಂದಿನವನು ಯಾರು ಎಂದು ಹೇಳುವ ಕಾನೂನು ಇತ್ತೇ?

ಇರಲಿಲ್ಲ. ನಾರ್ಮನ್ನರ ಕಾಲದಲ್ಲಿ ನಡೆದದ್ದು ಓಟದ ಪಂದ್ಯ. 1100ರ ಆಗಸ್ಟ್ 2ರಂದು ಎರಡನೇ ವಿಲಿಯಂ ಬೇಟೆಯಲ್ಲಿ ಬಾಣ ತಗುಲಿ ಸತ್ತ. ಅವನ ತಮ್ಮ ಹೆನ್ರಿ ವಿಂಚೆಸ್ಟರ್‌ನ ಖಜಾನೆ ಹಿಡಿದು, ಆಗಸ್ಟ್ 5ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಿರೀಟ ಇಟ್ಟುಕೊಂಡ. ಹಿರಿಯಣ್ಣ ರಾಬರ್ಟ್ ಇನ್ನೂ ಧರ್ಮಯುದ್ಧ ಮುಗಿಸಿ ಬರುವ ದಾರಿಯಲ್ಲಿದ್ದ. 1135ರಲ್ಲಿ ಈ ಹೆನ್ರಿಯ ಸೋದರಳಿಯ ಸ್ಟೀಫನ್ ಮಾಡಿದ್ದೂ ಇದನ್ನೇ. ಮೊದಲನೇ ಹೆನ್ರಿ ಡಿಸೆಂಬರ್ 1ರಂದು ಸತ್ತರೆ, ಡಿಸೆಂಬರ್ 22ಕ್ಕೆ ಸ್ಟೀಫನ್‌ನ ಪಟ್ಟಾಭಿಷೇಕ ಮುಗಿದಿತ್ತು. ಖಜಾನೆ, ಆರ್ಚ್‌ಬಿಷಪ್, ತೈಲಾಭಿಷೇಕ: ಈ ಮೂರೂ ಕೈಗೆ ಸಿಕ್ಕಿದವನು ರಾಜ. ಒಮ್ಮೆ ಅಭಿಷೇಕವಾದ ಮೇಲೆ ಅದನ್ನು ಅಳಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ.

1216ರಿಂದ 1377ರವರೆಗೆ ಅಪ್ಪನ ನಂತರ ಹಿರಿಮಗ, ಅವನಿಲ್ಲದಿದ್ದರೆ ಅವನ ಮಗ ಎಂಬಂತೆ ಪಟ್ಟ ಸಾಗಿತು. ಹೀಗೆ ರೂಢಿಯಾದದ್ದನ್ನೇ ಜನ ನಿಯಮವೆಂದು ನಂಬಿದರು. 1272ರಲ್ಲಿ ಮೊದಲನೇ ಎಡ್ವರ್ಡ್ ದೂರದಲ್ಲಿದ್ದರೂ ತಂದೆಯ ಅಂತ್ಯಕ್ರಿಯೆಯ ದಿನ, ನವೆಂಬರ್ 20ರಿಂದಲೇ ಅವನ ಆಳ್ವಿಕೆ ಎಣಿಕೆಗೆ ಬಂತು. ಪಟ್ಟಾಭಿಷೇಕ ನಡೆದದ್ದು 1274ರ ಆಗಸ್ಟ್‌ನಲ್ಲಿ. ಅಲ್ಲಿಂದ ಮುಂದೆ ಅಭಿಷೇಕಕ್ಕಿಂತ ರಕ್ತಸಂಬಂಧದ ಮಾತು ತೂಕದ್ದಾಯಿತು.

ಚಿಕ್ಕಪ್ಪ ಮೊದಲೋ, ಸತ್ತ ಅಣ್ಣನ ಮಗ ಮೊದಲೋ?

1199ರಲ್ಲಿ ಚಿಕ್ಕಪ್ಪ, 1377ರಲ್ಲಿ ಅಣ್ಣನ ಮಗ.

ಮೊದಲನೇ ರಿಚರ್ಡ್ 1199ರ ಏಪ್ರಿಲ್ 6ರಂದು ಮಕ್ಕಳಿಲ್ಲದೆ ಸತ್ತ. ನಡುವಣ ತಮ್ಮ ಜೆಫ್ರಿ ಮೊದಲೇ ತೀರಿಕೊಂಡಿದ್ದ, ಅವನ ಮಗ ಆರ್ಥರ್‌ಗೆ 12 ವರ್ಷ. ಕಿರಿಯ ತಮ್ಮ ಜಾನ್ ಬೆಳೆದ ಗಂಡಸು. ಇಂಗ್ಲೆಂಡ್ ಮತ್ತು ನಾರ್ಮಂಡಿ ಜಾನ್‌ನ ಕಡೆ ನಿಂತವು, ಆಂಜು ಮತ್ತು ಮೇನ್ ಪ್ರಾಂತ್ಯದ ಧಣಿಗಳು ಆರ್ಥರ್‌ನ ಕಡೆ. ಒಂದೇ ಮನೆತನದ ಆಸ್ತಿಗೆ ಊರಿಗೊಂದು ಪದ್ಧತಿ. ಆರ್ಥರ್ 1202ರಲ್ಲಿ ಸೆರೆಸಿಕ್ಕಿ, ಮರುವರ್ಷ ಕಾಣೆಯಾದ. ಅವನ ಅಕ್ಕ ಎಲಿನರ್‌ಳನ್ನು 1241ರಲ್ಲಿ ಸಾಯುವವರೆಗೂ ಕಾವಲಿನಲ್ಲೇ ಇಟ್ಟರು. ಮದುವೆಯಾಗಿ ಮಕ್ಕಳಾದರೆ ಹಕ್ಕು ಬೆಳೆಯುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1377ರಲ್ಲಿ ಹತ್ತು ವರ್ಷದ ಎರಡನೇ ರಿಚರ್ಡ್, ಬಲಾಢ್ಯ ಚಿಕ್ಕಪ್ಪ ಜಾನ್ ಆಫ್ ಗಾಂಟ್ ಇದ್ದೂ, ತಕರಾರಿಲ್ಲದೆ ಪಟ್ಟಕ್ಕೆ ಬಂದ.

ಹೆಣ್ಣಿಗೆ ಹಕ್ಕಿತ್ತೇ?

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ: ಹೆಣ್ಣು ತಾನೇ ಆಳಬಹುದೇ, ಮತ್ತು ಹೆಣ್ಣಿನ ಮೂಲಕ ಅವಳ ಮಗನಿಗೆ ಹಕ್ಕು ಇಳಿಯಬಹುದೇ. ಬಿಡಿಸಿಕೊಳ್ಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಮೊದಲನೆಯದಕ್ಕೆ ಉದಾಹರಣೆ ಮಟಿಲ್ಡಾ. 1120ರಲ್ಲಿ ಶ್ವೇತನೌಕೆ ಮುಳುಗಿ ತಮ್ಮ ವಿಲಿಯಂ ಸತ್ತ ಮೇಲೆ, ಅಪ್ಪ ಮೊದಲನೇ ಹೆನ್ರಿ 1127ರಲ್ಲಿ ಧಣಿಗಳಿಂದ ಅವಳ ಪರವಾಗಿ ಆಣೆ ಹಾಕಿಸಿದ. ಆಣೆ ಇಟ್ಟವರಲ್ಲಿ ಸ್ಟೀಫನ್ನೂ ಒಬ್ಬ. 1141ರಲ್ಲಿ ಲಿಂಕನ್‌ನ ಕದನದಲ್ಲಿ ಅವನನ್ನು ಸೆರೆಹಿಡಿದರೂ ಮಟಿಲ್ಡಾಗೆ ಪಟ್ಟಾಭಿಷೇಕ ಆಗಲೇ ಇಲ್ಲ. ಎರಡನೆಯದಕ್ಕೆ ಉದಾಹರಣೆ ಅವಳ ಮಗ: 1153ರ ಒಪ್ಪಂದದಂತೆ ಸ್ಟೀಫನ್ ಬದುಕಿರುವವರೆಗೆ ಆಳಿ, 1154ರಲ್ಲಿ ಎರಡನೇ ಹೆನ್ರಿ ರಾಜನಾದ. ತಾಯಿ ಬದುಕಿದ್ದಳು. ಹಕ್ಕು ಅವಳ ಮೂಲಕ ಬಂತು, ಕಿರೀಟ ಮಾತ್ರ ಅವಳನ್ನು ದಾಟಿ ಹೋಯಿತು.

ಭೂಮಿಯ ಕಾನೂನು ಬೇರೆ. ಗಂಡುಮಕ್ಕಳಿಲ್ಲದ ಜಹಗೀರುದಾರನ ಭೂಮಿ ಹೆಣ್ಣುಮಕ್ಕಳಿಗೆ ಸಮಪಾಲು, ಹಿರಿಯಳಿಗೆಂದು ಹೆಚ್ಚು ಜಮೀನಿಲ್ಲ. ಕಿರೀಟವನ್ನು ಪಾಲು ಮಾಡಲಾಗದು ಎಂಬಲ್ಲಿಂದ ತಕರಾರು ಶುರು. ಮೂರನೇ ಎಡ್ವರ್ಡ್‌ನ ನಡೆ ನೋಡಿ: ತಾಯಿ ಇಸಬೆಲಾಳ ಮೂಲಕ ಫ್ರಾನ್ಸಿನ ಪಟ್ಟ ತನ್ನದೆಂದು 1340ರಲ್ಲಿ ಬಿರುದು ಧರಿಸಿ ದಶಕಗಟ್ಟಲೆ ಯುದ್ಧ ಮಾಡಿದ. ಅದೇ ಮನುಷ್ಯ, ಹಿರಿಮಗ ತೀರಿಕೊಂಡ 1376ರಲ್ಲಿ, ಇಂಗ್ಲೆಂಡಿನ ಪಟ್ಟ ಗಂಡುಸಂತತಿಗೆ ಮಾತ್ರ ಎಂದು ಪತ್ರ ಬರೆಸಿದ. ಹಾಳಾದ ಪ್ರತಿಯೊಂದರಲ್ಲಿ ಉಳಿದ ಆ ಪತ್ರ ಇತಿಹಾಸಕಾರರ ಚರ್ಚೆಗೆ ಸರಿಯಾಗಿ ಬಂದದ್ದು 1998ರಲ್ಲಿ. ಹಳೆಯ ಪುಸ್ತಕಗಳಲ್ಲಿ ಇದರ ಸುಳಿವಿರುವುದಿಲ್ಲ, ಅದನ್ನು ನೆನಪಿಟ್ಟುಕೊಂಡು ಓದಬೇಕು.

ಮೂರನೇ ಎಡ್ವರ್ಡ್‌ನ ಗಂಡುಮಕ್ಕಳ ಸಾಲನ್ನು ಒಮ್ಮೆ ಹೇಳಿ.

ಪಟ್ಟದ ಜಗಳಕ್ಕೆ ಬೇಕಾದವರು ಐವರು. ಎಡ್ವರ್ಡ್, ಕಪ್ಪು ರಾಜಕುಮಾರನೆಂದು ಹೆಸರಾದವನು (1330–1376), ಎರಡನೇ ರಿಚರ್ಡ್‌ನ ಅಪ್ಪ. ಲಯೊನೆಲ್, ಕ್ಲಾರೆನ್ಸ್ ಡ್ಯೂಕ್ (1338–1368), ಒಬ್ಬಳೇ ಮಗಳು ಫಿಲಿಪ್ಪಾ. ಜಾನ್ ಆಫ್ ಗಾಂಟ್, ಲ್ಯಾಂಕಾಸ್ಟರ್ ಡ್ಯೂಕ್ (1340–1399). ಎಡ್ಮಂಡ್ ಆಫ್ ಲ್ಯಾಂಗ್ಲಿ, ಯಾರ್ಕ್ ಡ್ಯೂಕ್ (1341–1402). ಥಾಮಸ್ ಆಫ್ ವುಡ್‌ಸ್ಟಾಕ್ (1355–1397).

ಎಡವುವುದು ಎಣಿಕೆಯಲ್ಲಿ. ಎಡ್ವರ್ಡ್ ಮತ್ತು ಲಯೊನೆಲ್ ನಡುವೆ ಹ್ಯಾಟ್‌ಫೀಲ್ಡ್‌ನಲ್ಲಿ ಹುಟ್ಟಿ ಕೂಸಾಗಿಯೇ ಸತ್ತ ವಿಲಿಯಂ ಎಂಬವನಿದ್ದಾನೆ. ಅವನನ್ನು ಸೇರಿಸಿದರೆ ಲಯೊನೆಲ್ ಮೂರನೆಯವ, ಜಾನ್ ನಾಲ್ಕನೆಯವ, ಎಡ್ಮಂಡ್ ಐದನೆಯವ. ಬಿಟ್ಟರೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ. ಎರಡು ಪುಸ್ತಕಗಳಲ್ಲಿ ಎರಡು ಲೆಕ್ಕ ಕಂಡರೆ ಗಾಬರಿ ಬೇಡ, ವಿಲಿಯಂನನ್ನು ಎಣಿಸಿದ್ದಾರೆಯೇ ನೋಡಿ.

1399ರಲ್ಲಿ ನಾಲ್ಕನೇ ಹೆನ್ರಿ ಯಾವ ಹಕ್ಕಿನ ಮೇಲೆ ರಾಜನಾದ?

ಜಾನ್ ಆಫ್ ಗಾಂಟ್‌ನ ಮಗ ಅವನು. ಗಡೀಪಾರಾಗಿದ್ದಾಗ ಅಪ್ಪ ಸತ್ತ, ಎರಡನೇ ರಿಚರ್ಡ್ ಲ್ಯಾಂಕಾಸ್ಟರ್ ಆಸ್ತಿಯನ್ನು ತಡೆಹಿಡಿದ. ಆಸ್ತಿ ಕೇಳಲು ಬಂದವನು ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಸಿಂಹಾಸನವನ್ನೇ ತೆಗೆದುಕೊಂಡ.

ಸಂಸತ್ತಿನ ಮುಂದೆ ಅವನು ಇಂಗ್ಲಿಷಿನಲ್ಲಿ ಓದಿದ ಹೇಳಿಕೆ ಬಲು ಜಾಣತನದ್ದು. ತಾನು ಮೂರನೇ ಹೆನ್ರಿಯ ನೇರ ರಕ್ತದವನು ಎಂದ, ಮೂರನೇ ಎಡ್ವರ್ಡ್‌ನ ಹೆಸರೆತ್ತಲಿಲ್ಲ. ಎತ್ತಿದರೆ ಲಯೊನೆಲ್‌ನ ಮಗಳ ಮನೆಯ ಮಾರ್ಟಿಮರ್‌ಗಳು ಎದುರು ನಿಲ್ಲುತ್ತಿದ್ದರು. ಮೂರನೇ ಹೆನ್ರಿಯ ಕಿರಿಮಗ ಎಡ್ಮಂಡ್ ಕ್ರೌಚ್‌ಬ್ಯಾಕ್‌ನೇ ನಿಜವಾಗಿ ಹಿರಿಯವನು, ಗೂನುಬೆನ್ನಿನಿಂದಾಗಿ ಅವನನ್ನು ಬದಿಗೆ ಸರಿಸಿದರು ಎಂಬ ಕಟ್ಟುಕತೆ ಆಗ ಹಬ್ಬಿತ್ತು. ಹೆನ್ರಿಯ ತಾಯಿ ಬ್ಲಾಂಚ್ ಆ ಎಡ್ಮಂಡ್‌ನ ವಂಶದವಳು. ಮೊದಲನೇ ಎಡ್ವರ್ಡ್ ಹುಟ್ಟಿದ್ದು 1239ರಲ್ಲಿ, ಕ್ರೌಚ್‌ಬ್ಯಾಕ್ 1245ರಲ್ಲಿ. ಕತೆ ಅಲ್ಲಿಗೆ ಮುಗಿಯಿತು. ಇನ್ನೊಂದು ವಿಚಿತ್ರ: ಈ ಕತೆ ನಿಜವೆಂದೇ ಇಟ್ಟುಕೊಂಡರೂ ಹಕ್ಕು ಇಳಿಯುವುದು ತಾಯಿಯ ಮೂಲಕ. ಹೆಣ್ಣಿನ ಮೂಲಕ ಬಂದ ಮಾರ್ಟಿಮರ್ ಹಕ್ಕನ್ನು ತಳ್ಳಿಹಾಕಲು ಹೆಣ್ಣಿನ ಮೂಲಕ ಬಂದ ಹಕ್ಕನ್ನೇ ಹಿಡಿದಂತಾಯಿತು.

1406ರಲ್ಲಿ ಗೊಂದಲ ಕಾಗದಕ್ಕೂ ಇಳಿಯಿತು. ಆ ವರ್ಷದ ಜೂನ್‌ನಲ್ಲಿ ಪಟ್ಟ ಗಂಡುಸಂತತಿಗೆ ಮಾತ್ರ ಎಂದು ಶಾಸನ, ಡಿಸೆಂಬರ್‌ನಲ್ಲಿ ಅದನ್ನು ಬದಲಿಸಿ ಗಂಡುಮಕ್ಕಳ ಹೆಣ್ಣು ಸಂತತಿಗೂ ದಾರಿ ಬಿಟ್ಟ ಇನ್ನೊಂದು.

ಮಾರ್ಟಿಮರ್ ಹಕ್ಕು ಯಾರ್ಕ್ ಮನೆಗೆ ಬಂದದ್ದು ಹೇಗೆ?

ಲಯೊನೆಲ್‌ನ ಮಗಳು ಫಿಲಿಪ್ಪಾ ಮಾರ್ಚ್ ಅರ್ಲ್ ಎಡ್ಮಂಡ್ ಮಾರ್ಟಿಮರ್‌ನನ್ನು ಮದುವೆಯಾದಳು. ಅವರ ಮಗ ರೋಜರ್ 1398ರಲ್ಲಿ ಐರ್ಲೆಂಡಿನ ಕಾದಾಟದಲ್ಲಿ ಮಡಿದ. ಅವನ ಮಗ ಎಡ್ಮಂಡ್ 1425ರಲ್ಲಿ ಮಕ್ಕಳಿಲ್ಲದೆ ಸತ್ತ. ಉಳಿದದ್ದು ಎಡ್ಮಂಡ್‌ನ ಅಕ್ಕ ಆನ್‌ಳ ಮಗ. ಆನ್ ಮದುವೆಯಾಗಿದ್ದು ಎಡ್ಮಂಡ್ ಆಫ್ ಲ್ಯಾಂಗ್ಲಿಯ ಕಿರಿಮಗ, ಕೇಂಬ್ರಿಜ್ ಅರ್ಲ್ ರಿಚರ್ಡ್‌ನನ್ನು. ಅವನು 1415ರ ಆಗಸ್ಟ್ 5ರಂದು ಸೌತಾಂಪ್ಟನ್‌ನಲ್ಲಿ ರಾಜದ್ರೋಹಕ್ಕೆ ತಲೆಕೊಟ್ಟ. ಅದೇ ಅಕ್ಟೋಬರ್ 25ರಂದು ಅವನ ಅಣ್ಣ, ಯಾರ್ಕ್ ಡ್ಯೂಕ್ ಎಡ್ವರ್ಡ್, ಆಜಿನ್‌ಕೋರ್ಟ್‌ನಲ್ಲಿ ಮಕ್ಕಳಿಲ್ಲದೆ ಮಡಿದ. ಹೀಗೆ ನಾಲ್ಕು ವರ್ಷದ ಹುಡುಗನೊಬ್ಬ, ಯಾರ್ಕಿನ ರಿಚರ್ಡ್, ದೊಡ್ಡಪ್ಪನಿಂದ ಡ್ಯೂಕ್ ಪದವಿಗೂ ಹತ್ತು ವರ್ಷ ಬಿಟ್ಟು ಸೋದರಮಾವನಿಂದ ಮಾರ್ಟಿಮರ್ ಆಸ್ತಿಗೂ ವಾರಸುದಾರನಾದ. ಗಂಡುಮೂಲದಲ್ಲಿ ಅವನು ಐದನೆಯ ಮಗನ ವಂಶ, ಹೆಣ್ಣುಮೂಲದಲ್ಲಿ ಮೂರನೆಯ ಮಗನ ವಂಶ. ಲ್ಯಾಂಕಾಸ್ಟರ್‌ಗಳು ನಾಲ್ಕನೆಯ ಮಗನ ಗಂಡುಸಂತತಿ. ಯಾವ ನಿಯಮ ಹಿಡಿಯುತ್ತೀರೋ ಅದರಂತೆ ಉತ್ತರ.

ಒಂದು ಎಚ್ಚರಿಕೆ. ಎಡ್ಮಂಡ್ ಮಾರ್ಟಿಮರ್ ಎಂಬ ಹೆಸರಿನವರು ಏಕಕಾಲಕ್ಕೆ ಇಬ್ಬರಿದ್ದರು: ಅರ್ಲ್ ಆದ ಹುಡುಗ, ಮತ್ತು ಅವನ ಚಿಕ್ಕಪ್ಪ. ವೇಲ್ಸ್‌ನ ಓವೆನ್ ಗ್ಲಿಂಡೂರ್‌ನ ಮಗಳನ್ನು ಮದುವೆಯಾಗಿ ನಾಲ್ಕನೇ ಹೆನ್ರಿಯ ವಿರುದ್ಧ ತಿರುಗಿಬಿದ್ದವನು ಚಿಕ್ಕಪ್ಪ. ಹಳೆಯ ನಾಟಕಗಳಲ್ಲೂ ಅವನ್ನು ನಂಬಿದ ವಂಶವೃಕ್ಷಗಳಲ್ಲೂ ಇಬ್ಬರೂ ಒಬ್ಬನೇ ಆಗಿಬಿಟ್ಟಿದ್ದಾರೆ.

1460ರಲ್ಲಿ ಯಾರ್ಕ್ ಡ್ಯೂಕ್ ಹಕ್ಕು ಮಂಡಿಸಿದಾಗ ನಿಜವಾಗಿ ವಾದ ನಡೆಯಿತೇ?

ನಡೆಯಿತು, ಅದೂ ಬರವಣಿಗೆಯಲ್ಲಿ. ಮಧ್ಯಕಾಲದ ಇಂಗ್ಲೆಂಡಿನಲ್ಲಿ ಪಟ್ಟದ ಹಕ್ಕನ್ನು ಜಮೀನಿನ ವ್ಯಾಜ್ಯದಂತೆ ಇಷ್ಟು ವಿವರವಾಗಿ ಬಿಡಿಸಿಟ್ಟ ದಾಖಲೆ ಇನ್ನೊಂದಿಲ್ಲ, ಆದ್ದರಿಂದ ಇದನ್ನು ನಿಧಾನವಾಗಿ ನೋಡಬೇಕು.

ಆಗ ಪಟ್ಟದಲ್ಲಿದ್ದವನು ನಾಲ್ಕನೇ ಹೆನ್ರಿಯ ಮೊಮ್ಮಗ ಆರನೇ ಹೆನ್ರಿ. ಅಕ್ಟೋಬರ್ 10ರಂದು ಯಾರ್ಕಿನ ರಿಚರ್ಡ್ ವೆಸ್ಟ್‌ಮಿನ್‌ಸ್ಟರ್‌ಗೆ ಬಂದು, ಖಾಲಿ ಸಿಂಹಾಸನದ ಮೇಲೆ ಕೈಯಿಟ್ಟು ನಿಂತ. ಜೈಕಾರ ಬರಲಿಲ್ಲ. 16ರಂದು ವಂಶಾವಳಿಯನ್ನು ಲಿಖಿತವಾಗಿ ಕೊಟ್ಟ. ಧಣಿಗಳು ನ್ಯಾಯಾಧೀಶರನ್ನು ಕೇಳಿದರು. ಇದು ನಮ್ಮ ಕಾನೂನು ಮತ್ತು ವಿದ್ವತ್ತಿಗೆ ಮೀರಿದ್ದು ಎಂದು ಅವರು ಕೈತೊಳೆದುಕೊಂಡರು. ಅವರ ನಂತರದ ಹಿರಿಯ ವಕೀಲರೂ ಅದನ್ನೇ ಹೇಳಿದರು. ಕೊನೆಗೆ ಧಣಿಗಳೇ ಐದು ಆಕ್ಷೇಪ ಎತ್ತಿದರು: ಆರನೇ ಹೆನ್ರಿಗೆ ನಾವೂ ನೀವೂ ಆಣೆ ಮಾಡಿದ್ದೇವೆ, ಸಂಸತ್ತಿನ ಶಾಸನಗಳಿವೆ, ಗಂಡುಸಂತತಿಗೆಂದು ಪಟ್ಟವನ್ನು ಕಟ್ಟಿಟ್ಟ ಪತ್ರಗಳಿವೆ, ನೀವು ಇಷ್ಟು ದಿನ ಧರಿಸಿದ್ದು ಎಡ್ಮಂಡ್ ಆಫ್ ಲ್ಯಾಂಗ್ಲಿಯ ಲಾಂಛನ, ಲಯೊನೆಲ್‌ನದಲ್ಲ, ನಾಲ್ಕನೇ ಹೆನ್ರಿ ಮೂರನೇ ಹೆನ್ರಿಯ ವಾರಸುದಾರನಾಗಿ ಬಂದವನು.

ರಿಚರ್ಡ್‌ನ ಉತ್ತರಗಳಲ್ಲಿ ತೀಕ್ಷ್ಣವಾದದ್ದು ಶಾಸನದ ಬಗೆಗಿನದು. ಹುಟ್ಟಿನ ಹಕ್ಕು ನಿಜವಾಗಿ ಇದ್ದಿದ್ದರೆ ನಾಲ್ಕನೇ ಹೆನ್ರಿಗೆ 1406ರಲ್ಲಿ ಶಾಸನ ಮಾಡಿಸಿಕೊಳ್ಳುವ ಅಗತ್ಯವೇನಿತ್ತು ಎಂದು ಕೇಳಿದ. ಸತ್ಯಕ್ಕೆ ವಿರುದ್ಧವಾದ ಆಣೆ ಕಟ್ಟಿಹಾಕದು ಎಂದ. ಲಾಂಛನದ ಮಾತಿಗೆ, ಇಡೀ ರಾಜಲಾಂಛನವನ್ನೇ ಧರಿಸಬಹುದಿತ್ತು, ತಕ್ಕ ಕಾರಣಕ್ಕೆ ಸುಮ್ಮನಿದ್ದೆ ಎಂದ. ಈ ಉತ್ತರ ಮಾತ್ರ ಸಪ್ಪೆ.

ರಾಜಿಯಾಯಿತು: ಹೆನ್ರಿ ಬದುಕಿರುವವರೆಗೆ ರಾಜ, ನಂತರ ಯಾರ್ಕ್ ಮತ್ತು ಅವನ ಸಂತತಿ. ಈ ಮಧ್ಯೆ ಯಾರ್ಕ್ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 10,000 ಮಾರ್ಕ್ ಆದಾಯದ ಭೂಮಿ. ಮಾರ್ಕ್ ನಾಣ್ಯವಲ್ಲ, ಲೆಕ್ಕದ ಹೆಸರು: 13 ಶಿಲಿಂಗ್ 4 ಪೆನ್ಸ್, ಅಂದರೆ ಪೌಂಡಿನ ಮೂರನೇ ಎರಡು ಪಾಲು. ಒಟ್ಟು 6,666 ಪೌಂಡಿನ ಆಸುಪಾಸು. ರಾಜಿಯಲ್ಲಿ ತಿರುಳೇ ಕೆಟ್ಟಿತ್ತು. ಯಾರ್ಕ್‌ಗೆ 49 ವರ್ಷ, ರಾಜನಿಗೆ 38. ಏಳು ವರ್ಷದ ರಾಜಕುಮಾರ ಎಡ್ವರ್ಡ್‌ನ ಪಟ್ಟ ಹೋಯಿತು, ಅವನ ತಾಯಿ ಮಾರ್ಗರೆಟ್ ಸುಮ್ಮನಿರುವವಳಲ್ಲ. ಡಿಸೆಂಬರ್ 30ರಂದು ವೇಕ್‌ಫೀಲ್ಡ್‌ನಲ್ಲಿ ಯಾರ್ಕ್ ಸತ್ತ. ಅವನ ಮಗ 1461ರ ಮಾರ್ಚ್ 4ರಂದು ನಾಲ್ಕನೇ ಎಡ್ವರ್ಡ್ ಎಂದು ಘೋಷಿಸಿಕೊಂಡು, 29ರಂದು ಟೌಟನ್‌ನಲ್ಲಿ ಗೆದ್ದ.

ಬೋಫರ್ಟ್‌ಗಳು ಅಕ್ರಮ ಸಂತಾನವೋ, ಸಕ್ರಮವೋ?

ಎರಡೂ, ದಿನಾಂಕ ನೋಡಿ. ಜಾನ್ ಆಫ್ ಗಾಂಟ್ ಮತ್ತು ಕ್ಯಾಥರೀನ್ ಸ್ವಿನ್‌ಫರ್ಡ್‌ಗೆ ಮದುವೆಗೆ ಮುಂಚೆ ನಾಲ್ವರು ಮಕ್ಕಳು, ಅವರೇ ಬೋಫರ್ಟ್‌ಗಳು. 1396ರ ಆರಂಭದಲ್ಲಿ ಮದುವೆಯಾಯಿತು, ಅದೇ ವರ್ಷ ಪೋಪ್ ಮಕ್ಕಳನ್ನು ಸಕ್ರಮಗೊಳಿಸಿದ. 1397ರ ಫೆಬ್ರುವರಿಯಲ್ಲಿ ಎರಡನೇ ರಿಚರ್ಡ್ ಸಂಸತ್ತಿನಲ್ಲಿ ಪತ್ರ ಹೊರಡಿಸಿ ಎಲ್ಲ ಪದವಿ, ಗೌರವಗಳಿಗೂ ಅರ್ಹರೆಂದ. ಚರ್ಚಿನ ಕಾನೂನಿನಲ್ಲಿ ನಂತರದ ಮದುವೆ ಮಕ್ಕಳನ್ನು ಸಕ್ರಮ ಮಾಡುತ್ತದೆ. ಇಂಗ್ಲಿಷ್ ಭೂಕಾನೂನು ಅದನ್ನು ಒಪ್ಪುತ್ತಿರಲಿಲ್ಲ, ಅದಕ್ಕೇ ಎರಡು ಕಾಗದ.

ಮೂರನೆಯ ಕಾಗದ 1407ರದು. ಮಲಸಹೋದರ ನಾಲ್ಕನೇ ಹೆನ್ರಿ ಹಳೆಯ ಪತ್ರವನ್ನು ದೃಢೀಕರಿಸುವಾಗ ‘ರಾಜಪದವಿಯನ್ನು ಹೊರತುಪಡಿಸಿ’ ಎಂಬರ್ಥದ ಮೂರು ಲ್ಯಾಟಿನ್ ಪದಗಳನ್ನು ಸೇರಿಸಿದ. ಸಂಸತ್ತು ಒಪ್ಪಿದ್ದ ಪತ್ರವನ್ನು ರಾಜ ತಾನೊಬ್ಬನೇ ತಿದ್ದಬಹುದೇ? ಇವತ್ತಿಗೂ ಇದರ ಮೇಲೆ ವಾದವಿದೆ. ತಿದ್ದಲಾಗದು ಎನ್ನುವವರ ವಾದವೇ ಗಟ್ಟಿ ಎನಿಸುತ್ತದೆ. ಆದರೂ ಆ ಪದಗಳನ್ನು ಸೇರಿಸುವಷ್ಟು ಅನುಮಾನ 1407ರಲ್ಲಿ ಇತ್ತು ಎಂಬುದನ್ನು ಮರೆಯಬಾರದು.

ಹಾಗಾದರೆ ಏಳನೇ ಹೆನ್ರಿಗೆ ಯಾವ ಹಕ್ಕು?

ತಾಯಿ ಮಾರ್ಗರೆಟ್ ಬೋಫರ್ಟ್ ಜಾನ್ ಆಫ್ ಗಾಂಟ್‌ನ ಮರಿಮಗಳು. ತಂದೆ ಎಡ್ಮಂಡ್ ಟ್ಯೂಡರ್ ಐದನೇ ಹೆನ್ರಿಯ ವಿಧವೆ ಕ್ಯಾಥರೀನ್ ಮತ್ತು ವೇಲ್ಸ್‌ನ ಓವೆನ್ ಟ್ಯೂಡರ್‌ರ ಮಗ. ಅಪ್ಪನ ಕಡೆಯಿಂದ ಆರನೇ ಹೆನ್ರಿಗೆ ಮಲತಮ್ಮನ ಮಗ ಆಗಬೇಕು, ನಿಜ. ಆದರೆ ಆ ನಂಟು ಫ್ರೆಂಚ್ ರಾಜಕುಮಾರಿಯದು, ಇಂಗ್ಲೆಂಡಿನ ಪಟ್ಟಕ್ಕೆ ಅದರಿಂದ ಚಿಕ್ಕಾಸಿನ ಹಕ್ಕಿಲ್ಲ. ಹಲವು ಜಾಲತಾಣಗಳು ಇಲ್ಲಿಯೇ ಎಡವುತ್ತವೆ. ಹಕ್ಕೆಂದು ಏನಾದರೂ ಇದ್ದರೆ ತಾಯಿಯದು, ಆ ತಾಯಿಯೂ ಬದುಕಿದ್ದಳು. ಅವಳು ತೀರಿಕೊಂಡದ್ದು 1509ರಲ್ಲಿ, ಮಗನ ನಂತರ.

1485ರ ಆಗಸ್ಟ್ 22ರಂದು ಬಾಸ್ವರ್ತ್‌ನಲ್ಲಿ ಗೆದ್ದ ಮೇಲೆ ಅವನು ತನ್ನ ಆಳ್ವಿಕೆಯನ್ನು 21ರಿಂದ ಎಣಿಸಿದ. ಆ ಒಂದು ದಿನದಿಂದಾಗಿ ಆಗಿನ ರಾಜ, ನಾಲ್ಕನೇ ಎಡ್ವರ್ಡ್‌ನ ತಮ್ಮ ಮೂರನೇ ರಿಚರ್ಡ್ ಪರ ಹೋರಾಡಿದವರೆಲ್ಲ ರಾಜದ್ರೋಹಿಗಳಾದರು. ಅಕ್ಟೋಬರ್ 30ಕ್ಕೆ ಪಟ್ಟಾಭಿಷೇಕ, ನವೆಂಬರ್‌ನಲ್ಲಿ ಸಂಸತ್ತು, 1486ರ ಜನವರಿ 18ರಂದು ನಾಲ್ಕನೇ ಎಡ್ವರ್ಡ್‌ನ ಮಗಳು ಎಲಿಜಬೆತ್‌ಳ ಜೊತೆ ಮದುವೆ. ಈ ಕ್ರಮ ಬೇಕೆಂದೇ ಮಾಡಿದ್ದು, ಹೆಂಡತಿಯಿಂದ ರಾಜನಾದ ಎನ್ನಿಸಿಕೊಳ್ಳಬಾರದು. ಶಾಸನದಲ್ಲಿ ವಂಶಾವಳಿಯೇ ಇಲ್ಲ: ಪಟ್ಟ ಅವನಲ್ಲಿದೆ, ಅವನ ಸಂತತಿಯಲ್ಲಿ ಮುಂದುವರಿಯುತ್ತದೆ, ಅಷ್ಟೆ.

1483ರಲ್ಲಿ ಐದನೇ ಎಡ್ವರ್ಡ್‌ನನ್ನು ಕೆಳಗಿಳಿಸಿದ್ದು ಯಾವ ಕಾರಣಕ್ಕೆ?

ಐದನೇ ಎಡ್ವರ್ಡ್ ನಾಲ್ಕನೇ ಎಡ್ವರ್ಡ್‌ನ ಮಗ, ಅವನನ್ನು ಇಳಿಸಿ ಪಟ್ಟಕ್ಕೆ ಬಂದವನು ಚಿಕ್ಕಪ್ಪ ಮೂರನೇ ರಿಚರ್ಡ್. ನಾಲ್ಕನೇ ಎಡ್ವರ್ಡ್ 1464ರಲ್ಲಿ ಎಲಿಜಬೆತ್ ವುಡ್‌ವಿಲ್‌ಳನ್ನು ಗುಟ್ಟಾಗಿ ಮದುವೆಯಾಗುವ ಮೊದಲೇ ಎಲಿನರ್ ಬಟ್ಲರ್ ಎಂಬಾಕೆಗೆ ಮದುವೆಯ ಮಾತು ಕೊಟ್ಟಿದ್ದ, ಹಾಗಾಗಿ ಮಕ್ಕಳು ಅಕ್ರಮ ಎಂಬುದು ವಾದ. ಆ ಕಾಲದಲ್ಲಿ ಕಟ್ಟಿಬೀಳುವಂತೆ ಕೊಟ್ಟ ಮಾತು ಮದುವೆಗೆ ಸಮ. ಆದರೆ ಇದನ್ನು ತೀರ್ಮಾನಿಸಬೇಕಾದದ್ದು ಚರ್ಚಿನ ನ್ಯಾಯಾಲಯ, ಅಲ್ಲಿಗೆ ಯಾರೂ ಹೋಗಲಿಲ್ಲ. 1484ರ ಸಂಸತ್ತು ಇದನ್ನು ಶಾಸನ ಮಾಡಿತು. ಏಳನೇ ಹೆನ್ರಿ ಅದನ್ನು ಸಭೆಯಲ್ಲಿ ಓದಿಸದೆಯೇ ರದ್ದುಮಾಡಿ ಪ್ರತಿಗಳನ್ನು ನಾಶಮಾಡಲು ಹೇಳಿದ. ಕಾರಣ ಸರಳ: ಅದು ನಿಜವಾದರೆ ಹೆಂಡತಿಯೂ ಅಕ್ರಮ, ಸುಳ್ಳಾದರೆ ಅವಳ ತಮ್ಮಂದಿರ ಹಕ್ಕೇ ಮೊದಲು. ಸಂಸತ್ತಿನ ಸುರುಳಿಯಲ್ಲಿ ಒಂದು ಪ್ರತಿ ಉಳಿಯಿತು.

ಅಟೇಂಡರ್ ಎಂದರೇನು?

ಕಚೇರಿಯ ಅಟೆಂಡರ್ ಅಲ್ಲ. ಸಂಸತ್ತು ಶಾಸನದ ಮೂಲಕ ಒಬ್ಬನನ್ನು ದ್ರೋಹಿ ಎಂದು ಸಾರುವುದು. ಜೀವ, ಜಮೀನು, ಬಿರುದು ಹೋಗುವುದರ ಜೊತೆಗೆ ‘ರಕ್ತ ಕೆಡುತ್ತದೆ’, ಅಂದರೆ ಅವನ ಮೂಲಕ ಮಕ್ಕಳಿಗೆ ಏನೂ ಇಳಿಯದು. 1478ರಲ್ಲಿ ನಾಲ್ಕನೇ ಎಡ್ವರ್ಡ್‌ನ ತಮ್ಮ, ಕ್ಲಾರೆನ್ಸ್ ಡ್ಯೂಕ್ ಜಾರ್ಜ್‌ಗೆ ಹೀಗಾಯಿತು, ಅದೇ ಕಾರಣಕ್ಕೆ 1483ರಲ್ಲಿ ಅವನ ಮಗ ವಾರ್ವಿಕ್‌ಗೆ ಪಟ್ಟವಿಲ್ಲ ಎಂದರು. ಆದರೆ ಹೆನ್ರಿ ಟ್ಯೂಡರ್‌ ಮೇಲೂ ಅಟೇಂಡರ್ ಇತ್ತು. 1485ರಲ್ಲಿ ನ್ಯಾಯಾಧೀಶರು, ಕಿರೀಟ ಧರಿಸಿದ ಕೂಡಲೇ ಅದು ತಾನಾಗಿ ಬಿದ್ದುಹೋಗುತ್ತದೆ ಎಂದರು. ಎರಡೇ ವರ್ಷದ ಅಂತರದಲ್ಲಿ ಎರಡು ನ್ಯಾಯ!

ವಂಶಾವಳಿ ಬರೆಯುವವರಿಗೆ ಇದರಿಂದ ತೊಂದರೆ ಹೀಗೆ: ಬಿರುದು ನಡುವೆ ಕಾಣೆಯಾಗುತ್ತದೆ. ಥಾಮಸ್ ಹೋವರ್ಡ್ 1485ರಲ್ಲಿ ಸರ್‍ರೆ ಅರ್ಲ್ ಪದವಿ ಕಳೆದುಕೊಂಡು 1489ರಲ್ಲಿ ಮರಳಿ ಪಡೆದ, ಅಪ್ಪನ ನಾರ್ಫೋಕ್ ಡ್ಯೂಕ್ ಪದವಿ ಸಿಗಲು 1514ರವರೆಗೆ ಕಾಯಬೇಕಾಯಿತು. ನಡುವಿನ ದಾಖಲೆಯಲ್ಲಿ ಬಿರುದಿಲ್ಲವೆಂದು ಬೇರೆ ಮನುಷ್ಯನೆಂದುಕೊಳ್ಳಬೇಡಿ.

ಅರ್ಲ್ ಪದವಿಗಳು ಮನೆಯಿಂದ ಮನೆಗೆ ಹಾರುವುದೇಕೆ?

ಹೆಚ್ಚಾಗಿ ಹೆಣ್ಣುಮಕ್ಕಳ ಮದುವೆಯಿಂದ. 1373ರಲ್ಲಿ ಹಂಫ್ರಿ ಡಿ ಬೋಹನ್ ಗಂಡುಮಕ್ಕಳಿಲ್ಲದೆ ಸತ್ತಾಗ ಆಸ್ತಿ ಎಲಿನರ್ ಮತ್ತು ಮೇರಿ ಎಂಬ ಇಬ್ಬರ ಪಾಲಾಯಿತು. ಎಲಿನರ್‌ಳನ್ನು ಥಾಮಸ್ ಆಫ್ ವುಡ್‌ಸ್ಟಾಕ್, ಮೇರಿಯನ್ನು ಮುಂದೆ ನಾಲ್ಕನೇ ಹೆನ್ರಿಯಾದವನು ಮದುವೆಯಾದರು: ಚಿಕ್ಕಪ್ಪ ಮತ್ತು ಅಣ್ಣನ ಮಗ ಷಡ್ಡಕರಾದರು!

ಅರ್ಧರಕ್ತದ ನಿಯಮವೂ ಗೊತ್ತಿರಬೇಕು. ಒಂದೇ ತಂದೆ, ಬೇರೆ ತಾಯಿಯ ಅಕ್ಕಂದಿರಿಗೆ ತಮ್ಮನ ಆಸ್ತಿ ಬರುವುದಿಲ್ಲ. ವಾರ್ವಿಕ್‌ನ ಬೋಚಾಂಪ್ ಮನೆಯಲ್ಲಿ ಹೆನ್ರಿ 1446ರಲ್ಲಿ, ಅವನ ಪುಟ್ಟ ಮಗಳು 1449ರಲ್ಲಿ ತೀರಿಕೊಂಡರು. ಮೂವರು ಮಲಅಕ್ಕಂದಿರಿದ್ದೂ ಪೂರ್ಣರಕ್ತದ ಸೋದರಿ ಆನ್‌ಗೆ ಪಾಲು ಬಂತು. ಅವಳ ಗಂಡ ರಿಚರ್ಡ್ ನೆವಿಲ್, ರಾಜರನ್ನು ಏರಿಸಿ ಇಳಿಸುವವನೆಂದು ಮುಂದೆ ಹೆಸರಾದ ವಾರ್ವಿಕ್ ಅರ್ಲ್.

ಹಳೆಯ ದಾಖಲೆಯ ದಿನಾಂಕವನ್ನು ಇಂದಿನ ಲೆಕ್ಕಕ್ಕೆ ತರುವುದು ಹೇಗೆ?

ದಾಖಲೆಯಲ್ಲಿ ‘ಆರನೇ ಹೆನ್ರಿಯ 38ನೇ ವರ್ಷ, ನವೆಂಬರ್ 20’ ಎಂದಿದೆಯೆನ್ನಿ. ಅವನ ಮೊದಲ ವರ್ಷ ಶುರುವಾದದ್ದು 1422ರ ಸೆಪ್ಟೆಂಬರ್ 1. ವರ್ಷದ ಸಂಖ್ಯೆಯಲ್ಲಿ ಒಂದು ಕಳೆದು ಕೂಡಿಸಿ: 1422 + 37 = 1459. 38ನೇ ವರ್ಷ 1459ರ ಸೆಪ್ಟೆಂಬರ್ 1ರಿಂದ 1460ರ ಆಗಸ್ಟ್ 31ರವರೆಗೆ. ನವೆಂಬರ್ ಆದ್ದರಿಂದ 1459. ಫೆಬ್ರುವರಿ ಎಂದಿದ್ದರೆ 1460. ಒಂದು ಕಳೆಯುವುದನ್ನು ಮರೆಯುವುದೇ ಸಾಮಾನ್ಯ ತಪ್ಪು.

ಇತರರ ಆರಂಭದ ದಿನಗಳು: ಮೂರನೇ ಎಡ್ವರ್ಡ್ 1327ರ ಜನವರಿ 25, ಎರಡನೇ ರಿಚರ್ಡ್ 1377ರ ಜೂನ್ 22, ನಾಲ್ಕನೇ ಹೆನ್ರಿ 1399ರ ಸೆಪ್ಟೆಂಬರ್ 30, ಐದನೇ ಹೆನ್ರಿ 1413ರ ಮಾರ್ಚ್ 21, ನಾಲ್ಕನೇ ಎಡ್ವರ್ಡ್ 1461ರ ಮಾರ್ಚ್ 4. ಜಾನ್ ಒಬ್ಬ ತಲೆನೋವು. ಅವನ ವರ್ಷಗಳು ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದಿಂದ ಹಬ್ಬಕ್ಕೆ. ಹಬ್ಬದ ತಾರೀಖು ಓಡಾಡುವುದರಿಂದ ವರ್ಷಗಳು ಉದ್ದ, ಗಿಡ್ಡ. ಮೇ ತಿಂಗಳ ಒಂದೇ ತಾರೀಖು ಒಂದು ಆಳ್ವಿಕೆವರ್ಷದಲ್ಲಿ ಎರಡು ಸಲ ಬಂದದ್ದೂ ಉಂಟು. ಜೊತೆಗೆ ಕ್ರಿಸ್ತವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಏಳನೇ ಹೆನ್ರಿಯ ಮದುವೆಯ ಜನವರಿ 18 ಅಂದಿನವರ ಲೆಕ್ಕದಲ್ಲಿ 1485.

ವಾರಸುದಾರ ಯಾರೆಂದು ಆಗಿನ ಸರ್ಕಾರ ಪತ್ತೆಹಚ್ಚುತ್ತಿದ್ದದ್ದು ಹೇಗೆ?

ರಾಜನಿಂದ ನೇರವಾಗಿ ಭೂಮಿ ಪಡೆದವನು ಸತ್ತರೆ, ಎಸ್ಚೀಟರ್ ಎಂಬ ಅಧಿಕಾರಿಗೆ ಆಜ್ಞೆ ಹೋಗುತ್ತಿತ್ತು. ಅವನು ಆ ಸೀಮೆಯ ಹನ್ನೆರಡಕ್ಕೆ ಕಡಿಮೆಯಿಲ್ಲದ ಮಂದಿಯನ್ನು ಸೇರಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದ: ಎಷ್ಟು ಜಮೀನು, ಯಾವ ದಿನ ಸತ್ತ, ವಾರಸುದಾರ ಯಾರು, ವಯಸ್ಸೆಷ್ಟು. ಪೌತಿ ಖಾತೆಗೆ ಮುನ್ನ ಊರಲ್ಲಿ ನಡೆಯುವ ಮಹಜರನ್ನು ನೆನೆದುಕೊಂಡರೆ ಸಾಕು. 13ನೇ ಶತಮಾನದ ಮೂರನೇ ಹೆನ್ರಿಯ ಕಾಲದಿಂದ ಇವು ಸಿಗುತ್ತವೆ, ವಂಶಾವಳಿಗೆ ಇದಕ್ಕಿಂತ ಒಳ್ಳೆಯ ಆಧಾರ ಕಡಿಮೆ.

ಆದರೆ ವಯಸ್ಸನ್ನು ನಂಬಬೇಡಿ. ‘21 ಮತ್ತು ಮೇಲ್ಪಟ್ಟು’ ಎಂದರೆ ಪ್ರಾಯಕ್ಕೆ ಬಂದಿದ್ದಾನೆ ಎಂದಷ್ಟೇ, 40 ಆಗಿದ್ದರೂ ಹಾಗೆಯೇ ಬರೆಯುತ್ತಿದ್ದರು. ಒಬ್ಬನ ಜಮೀನು ನಾಲ್ಕು ಸೀಮೆಯಲ್ಲಿದ್ದರೆ ನಾಲ್ಕು ವಿಚಾರಣೆ, ಕೆಲವೊಮ್ಮೆ ನಾಲ್ಕು ವಯಸ್ಸು. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಾರಸುದಾರ ಎಂದು ಹೆಸರಿಸಿದವನು ಆಗ ಬದುಕಿದ್ದವರಲ್ಲಿ ಹಿರಿಯ ಮಾತ್ರ. ಮೊದಲೇ ಸತ್ತ ಅಣ್ಣಂದಿರು, ಜಮೀನು ಬರದ ತಮ್ಮಂದಿರು ಅದರಲ್ಲಿ ಕಾಣುವುದಿಲ್ಲ. 16–17ನೇ ಶತಮಾನದಲ್ಲಿ ಲಾಂಛನಾಧಿಕಾರಿಗಳು ಊರೂರು ತಿರುಗಿ ಬರೆದ ವಂಶವೃಕ್ಷಗಳು ಕೈಗೆ ಸುಲಭವಾಗಿ ಸಿಗುತ್ತವೆ. ಹತ್ತಿರದ ಮೂರು ತಲೆಮಾರಿಗೆ ಅವು ಪರವಾಗಿಲ್ಲ. ನಾರ್ಮನ್ ಮೂಲಪುರುಷನವರೆಗೆ ಹೋಗುವ ಭಾಗಕ್ಕೆ ಬೇರೆ ಆಧಾರ ಸಿಗುವವರೆಗೆ ಪೆನ್ಸಿಲಿನಲ್ಲೇ ಬರೆದುಕೊಳ್ಳಿ.

ಕನ್ನಡದಲ್ಲಿ ವಂಶಾವಳಿ ಬರೆಯುವಾಗ ನಂಟಿನ ಹೆಸರುಗಳನ್ನು ಹೇಗೆ ಬಳಸಬೇಕು?

ಕನ್ನಡ ಇಲ್ಲಿ ಉಪಕಾರಿ. ಇಂಗ್ಲಿಷಿನ ‘ಅಂಕಲ್’ ಚಿಕ್ಕಪ್ಪನೋ ಸೋದರಮಾವನೋ ಎಂದು ಕನ್ನಡದಲ್ಲಿ ಬರೆಯುವವರು ನಿರ್ಧರಿಸಲೇಬೇಕು, ಹಾಗೆ ನಿರ್ಧರಿಸುವಾಗ ಹಕ್ಕು ಯಾವ ಕಡೆಯಿಂದ ಇಳಿಯುತ್ತದೆ ಎಂಬುದೂ ತಿಳಿದುಬಿಡುತ್ತದೆ. ‘ಕಸಿನ್’ ಇನ್ನೂ ಮೋಸದ ಪದ. 15ನೇ ಶತಮಾನದ ಪತ್ರಗಳಲ್ಲಿ ರಾಜ ಯಾವ ಡ್ಯೂಕ್‌ಗೂ ಅರ್ಲ್‌ಗೂ ಹಾಗೆಯೇ ಬರೆಯುತ್ತಿದ್ದ, ನಂಟಿರಲಿ ಬಿಡಲಿ. ಪ್ಲಾಂಟಾಜೆನೆಟ್ ಎಂಬುದನ್ನೂ ಎಲ್ಲ ರಾಜರಿಗೆ ಮನೆತನದ ಹೆಸರಾಗಿ ಹಚ್ಚಬೇಡಿ. ಮಟಿಲ್ಡಾಳ ಗಂಡ, ಆಂಜುವಿನ ಜೆಫ್ರಿಗೆ ಅದು ಅಡ್ಡಹೆಸರು. ಮನೆತನದ ಹೆಸರಾಗಿ ಎತ್ತಿಕೊಂಡವನು 1448ರ ಸುಮಾರಿಗೆ ಯಾರ್ಕಿನ ರಿಚರ್ಡ್, ಏಕೆ ಎಂಬುದು ಈಗ ನಿಮಗೆ ಗೊತ್ತು.

ಮೂರನೇ ರಿಚರ್ಡ್‌ನ ಡಿಎನ್‌ಎ ರಾಜವಂಶವನ್ನೇ ಸುಳ್ಳು ಮಾಡಿತೇ?

ಇಲ್ಲ. 2012ರಲ್ಲಿ ಲೆಸ್ಟರ್‌ನಲ್ಲಿ ಸಿಕ್ಕ ಅಸ್ಥಿಯ ತಾಯಿಮೂಲದ ಡಿಎನ್‌ಎ ಅವನ ಅಕ್ಕನ ವಂಶದವರೊಂದಿಗೆ ಹೊಂದಿತು. ತಂದೆಮೂಲದ ವೈ ವರ್ಣತಂತು ಮಾತ್ರ ಬೋಫರ್ಟ್‌ಗಳಿಂದ ಬಂದ ಸಾಮರ್ಸೆಟ್ ಮನೆತನದವರೊಂದಿಗೆ ಹೊಂದಲಿಲ್ಲ. 2014ರಲ್ಲಿ ಇದು ಪ್ರಕಟವಾಯಿತು. ಅಂದರೆ ಮೂರನೇ ಎಡ್ವರ್ಡ್‌ನಿಂದ ಎರಡೂ ಕಡೆ ಇಳಿದ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ಕಾಗದದ ಅಪ್ಪ ನಿಜವಾದ ಅಪ್ಪನಲ್ಲ. ಅದು 18ನೇ ಶತಮಾನದಲ್ಲೇ ಆಗಿರಬಹುದು, ಆಗಿದ್ದರೆ ಪಟ್ಟಕ್ಕೆ ಸಂಬಂಧವೇ ಇಲ್ಲ. ಯಾರ್ಕ್‌ಗಳ ಹಕ್ಕು ಹೇಗೂ ಆನ್ ಮಾರ್ಟಿಮರ್‌ಳದು.

ಹಾಗಾದರೆ ಇಂದಿನ ‘ನಿಜವಾದ’ ವಾರಸುದಾರ ಯಾರು?

ಕಾನೂನಿನಂತೆ ಪ್ರಶ್ನೆಗೆ ಅರ್ಥವಿಲ್ಲ, 1701ರ ಶಾಸನ ಹ್ಯಾನೋವರ್‌ನ ಸೋಫಿಯಾಳ ಪ್ರಾಟೆಸ್ಟೆಂಟ್ ಸಂತತಿಗೆ ಪಟ್ಟವನ್ನು ಕಟ್ಟಿಟ್ಟಿದೆ. ಕುತೂಹಲಕ್ಕೆ ಹುಡುಕುವವರು ಕ್ಲಾರೆನ್ಸ್ ಜಾರ್ಜ್‌ನ ಮಗಳು ಮಾರ್ಗರೆಟ್ ಪೋಲ್‌ಳನ್ನು ಹಿಡಿಯುತ್ತಾರೆ. ಅವಳನ್ನು 1541ರಲ್ಲಿ ಶಿರಚ್ಛೇದ ಮಾಡಿದರು. ಅವಳ ಮೊಮ್ಮಗಳು ಕ್ಯಾಥರೀನ್ ಹಂಟಿಂಗ್ಡನ್ ಅರ್ಲ್‌ಗಳಾದ ಹೇಸ್ಟಿಂಗ್ಸ್ ಮನೆತನಕ್ಕೆ ಸೊಸೆಯಾಗಿ ಹೋದಳು. ಆ ವಂಶದ ಹೆಣ್ಣುಮಗಳೊಬ್ಬಳ ಮಗನೇ ಮಾರ್ಕ್ವೆಸ್ ಆಫ್ ಹೇಸ್ಟಿಂಗ್ಸ್, 1813ರಿಂದ 1823ರವರೆಗೆ ಭಾರತದ ಗವರ್ನರ್ ಜನರಲ್. ವಾರನ್ ಹೇಸ್ಟಿಂಗ್ಸ್ ಬೇರೆ, ಇವನು ಬೇರೆ. ಇವನ ಕಾಲದಲ್ಲೇ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ, ಬೆಳಗಾವಿ ಸೀಮೆ ಕಂಪನಿಯ ಕೈಗೆ ಬಂದದ್ದು.